ಕಾಂತಕ್ಕೆ ಕಾಂತತ್ವ ಎಲ್ಲಿಂದ ಬಂತು? – ಹತ್ತನೇ ತರಗತಿಯಲ್ಲಿ ಊಹೆಗಳಿಗೆ ಕೊಟ್ಟ ಎರಡು ಅವಧಿ

ಹತ್ತನೇ ತರಗತಿಯ ವಿಜ್ಞಾನ ಪಠ್ಯದಲ್ಲಿ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಎಂಬ ಘಟಕ ನಮ್ಮಲ್ಲಿ ಹಲವರ ಪಾಲಿಗೆ ಬಂದಿದೆ. ದಿಕ್ಸೂಚಿ, ಬಲರೇಖೆಗಳು, ನೇರ ವಾಹಕ, ಸೊಲೆನಾಯ್ಡ್, ಬಲಗೈ ಹೆಬ್ಬೆರಳ ನಿಯಮ, ಎಡಗೈ ನಿಯಮ ಎಂದು ಪಾಠ ಸಾಗುತ್ತದೆ. ಚಿತ್ರ ಬಿಡಿಸಿ ಭಾಗಗಳನ್ನು ಹೆಸರಿಸಿದರೆ ಅಂಕ ಖಚಿತ, ಹಾಗಾಗಿ ಮಕ್ಕಳಿಗೂ ಇದು ಇಷ್ಟದ ಘಟಕ. ಆದರೆ ಪಠ್ಯ ಕೇಳದೆ ಬಿಡುವ ಒಂದು ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೈಲಹೊಂಗಲ ತಾಲೂಕಿನ ಶಾಲೆಯಲ್ಲಿ ನನಗೆ ಬಂದ ಪ್ರಶ್ನೆಯೇ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬೋಧನಾಭ್ಯಾಸಕ್ಕೆ ಹೋದ ಸಹಪಾಠಿಗಳಿಗೂ ಬಂದಿತ್ತು: “ಸರ, ತಂತಿಯೊಳಗ ಕರೆಂಟ್ ಹರದ್ರ ಕಾಂತ ಆಗತೈತಿ, ಖರೆ. ಈ ಕಾಂತದ ತುಂಡಿನ್ಯಾಗ ಕರೆಂಟ್ ಎಲ್ಲೈತ್ರಿ?”

ಇದು ದಡ್ಡ ಪ್ರಶ್ನೆಯಲ್ಲ. ಎರಡು ಶತಮಾನ ದೊಡ್ಡ ದೊಡ್ಡವರನ್ನು ಕಾಡಿದ ಪ್ರಶ್ನೆ, ಇವತ್ತಿಗೂ ಪೂರ್ತಿ ಮುಗಿದಿಲ್ಲ. ‘ಅದು ನಿಮ್ಮ ಸಿಲಬಸ್‌ನಲ್ಲಿಲ್ಲ’ ಎಂದು ದಾಟಬಹುದಿತ್ತು. ಆದರೆ ಅದೇ ಅವಧಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಇನ್ನೊಂದು ಮಾತು ಸೇರಿಸಿದ. ಅವರ ಹೊಲದಲ್ಲಿ ಬೋರ್ ಪಾಯಿಂಟ್ ಮಾಡಲು ಬಂದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರಂತೆ. ಒಂದು ಕಡೆ ಕಾಯಿ ನೆಟ್ಟಗೆ ಎದ್ದು ನಿಂತಿತಂತೆ. “ನೆಲದಾಗಿನ ಕಾಂತಶಕ್ತಿ ಅದನ್ನ ಎತ್ತತೈತಿ ಅಂದ್ರ್ರಿ. ಅಲ್ಲೇ ಬೋರ್ ಹೊಡಿಸಿದ್ವಿ, ನೀರ ಬರಲಿಲ್ಲ. ಇನ್ನೊಂದು ಪಾಯಿಂಟ್ ಹಾಕಿಕೊಟ್ರು, ಅದೂ ಒಣಾ ಹೋತು. ಆ ಕಾಂತಶಕ್ತಿ, ಈ ಕಾಂತಶಕ್ತಿ ಒಂದ ಏನ್ರಿ?”

ಒಂದು ಒಣ ಕೊಳವೆಬಾವಿ ಎಂದರೆ ನಮ್ಮ ಭಾಗದ ಒಕ್ಕಲು ಮನೆಗೆ ಏನು ಎಂಬುದನ್ನು ಇಲ್ಲಿ ವಿವರಿಸಬೇಕಿಲ್ಲ. ಎರಡು ಬಾವಿಯ ಸಾಲ ಆ ಪ್ರಶ್ನೆಯ ಹಿಂದೆ ಇತ್ತು. ಹೀಗಾಗಿ ಮಾರ್ಗದರ್ಶಿ ಉಪನ್ಯಾಸಕರನ್ನು ಕೇಳಿ, ಪುನರಾವರ್ತನೆಗೆಂದು ಇಟ್ಟಿದ್ದ ಎರಡು ಅವಧಿಗಳನ್ನು ಕಾಂತತ್ವದ ಮೂಲದ ಬಗೆಗಿನ ಊಹೆಗಳಿಗೆ ಕೊಟ್ಟೆ. ಯಾವ ಊಹೆ ಉಳಿಯಿತು, ಯಾವುದು ಬಿತ್ತು, ಯಾವುದು ಇನ್ನೂ ಊಹೆಯಾಗಿಯೇ ಇದೆ ಎಂದು ಬಿಡಿಸಿ ತೋರಿಸುವುದು ಉದ್ದೇಶವಾಗಿತ್ತು. ಪಾಠಕ್ಕಾಗಿ ಓದಿಕೊಂಡದ್ದು, ತರಗತಿಯಲ್ಲಿ ನಡೆದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಆರಂಭಕ್ಕೆ ಹ್ಯಾಕ್ಸಾ ಬ್ಲೇಡ್ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬ್ಲೇಡನ್ನು ಬಲವಾದ ಕಾಂತದಿಂದ ಒಂದೇ ದಿಕ್ಕಿನಲ್ಲಿ ಮೂವತ್ತು ನಲವತ್ತು ಸಲ ಉಜ್ಜಿದರೆ ಅದು ಕಾಂತವಾಗುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ ಮುರಿದರೆ ಲಟ್ಟನೆ ತುಂಡಾಗುತ್ತದೆ. ಪ್ರತಿ ತುಂಡನ್ನೂ ದಿಕ್ಸೂಚಿಯ ಬಳಿ ಹಿಡಿದು ನೋಡಿದರೆ ಎರಡು ತುದಿಗೆ ಎರಡು ಧ್ರುವ. ನಾಲ್ಕು ತುಂಡು ಮಾಡಿದರೂ ಹಾಗೆಯೇ, ಎಂಟಾದರೂ ಹಾಗೆಯೇ. ಕಾಂತತ್ವ ಬ್ಲೇಡಿನ ತುದಿಗಳಲ್ಲಿ ಕೂತಿಲ್ಲ, ಉದ್ದಕ್ಕೂ ಹರಡಿದೆ ಎಂಬುದನ್ನು ಮಕ್ಕಳೇ ಹೇಳಿದರು.

ಇಲ್ಲಿಂದ ಆಂಪೇರ್ ಬಳಿಗೆ ಹೋಗುವುದು ಸುಲಭ. ತಂತಿಯಲ್ಲಿ ವಿದ್ಯುತ್ ಹರಿದಾಗ ದಿಕ್ಸೂಚಿಯ ಸೂಜಿ ತಿರುಗುವುದನ್ನು ಅಯರ್‌ಸ್ಟೆಡ್ ಪ್ರಕಟಿಸಿದ್ದು 1820ರಲ್ಲಿ. ಸುದ್ದಿ ಪ್ಯಾರಿಸ್ ಮುಟ್ಟಿದ ಕೂಡಲೇ ಆಂಪೇರ್ ಪ್ರಯೋಗಕ್ಕೆ ಕೂತರು. ಅವರ ಊಹೆ ಧೈರ್ಯದ್ದು: ಕಾಂತ ಎಂಬ ಬೇರೆ ವಸ್ತುವೇ ಇಲ್ಲ, ಕಬ್ಬಿಣದ ಪ್ರತಿ ಕಣದ ಸುತ್ತ ಸಣ್ಣ ವಿದ್ಯುತ್ ಪ್ರವಾಹ ಸುತ್ತುತ್ತಿದೆ, ಅವೆಲ್ಲ ಒಂದೇ ಕಡೆ ಮುಖ ಮಾಡಿದರೆ ಅದು ಕಾಂತ. ಎಲೆಕ್ಟ್ರಾನ್ ಪತ್ತೆಯಾಗುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಹೇಳಿದ ಮಾತಿದು.

ಊಹೆಯ ದಿಕ್ಕು ಸರಿಯಿತ್ತು, ಆದರೆ ಪೂರ್ತಿ ಸರಿಯಿರಲಿಲ್ಲ. ನೀಲ್ಸ್ ಬೋರ್ 1911ರ ತಮ್ಮ ಪ್ರಬಂಧದಲ್ಲಿ, ಹೆಂಡ್ರಿಕಾ ವಾನ್ ಲೀವನ್ 1919ರಲ್ಲಿ, ಒಬ್ಬರಿಂದೊಬ್ಬರು ಬೇರೆಯಾಗಿ ಒಂದೇ ಫಲಿತಾಂಶಕ್ಕೆ ಬಂದರು. ಹಳೆಯ ಭೌತಶಾಸ್ತ್ರದ ನಿಯಮಗಳಷ್ಟನ್ನೇ ಹಿಡಿದು ಲೆಕ್ಕ ಹಾಕಿದರೆ, ಉಷ್ಣ ಸಮತೋಲನದಲ್ಲಿರುವ ಯಾವ ವಸ್ತುವಿಗೂ ಕಾಂತತ್ವ ಇರಲು ಸಾಧ್ಯವಿಲ್ಲ! ಅಂದರೆ ನಮ್ಮ ಕಂಪಾಸ್ ಪೆಟ್ಟಿಗೆಯೊಳಗಿನ ಕಾಂತವೇ ಹಳೆಯ ಭೌತಶಾಸ್ತ್ರಕ್ಕೆ ಒಗ್ಗದ ವಸ್ತು. ಪದವಿಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದ ನಮಗೆ ಇದನ್ನು ಯಾರಾದರೂ ಮೊದಲ ದಿನವೇ ಹೇಳಬೇಕಿತ್ತು ಎಂದು ನನಗೆ ಅನಿಸುತ್ತದೆ.

ದಾರಿ ತೋರಿದ್ದು 1925ರಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಮುಂದಿಟ್ಟ ಎಲೆಕ್ಟ್ರಾನಿನ ಗಿರಕಿ. ‘ಎಲೆಕ್ಟ್ರಾನ್ ಬುಗುರಿಯ ಹಾಗೆ ತಿರುಗುತ್ತದೆ’ ಎಂದು ಕಪ್ಪುಹಲಗೆಯ ಮೇಲೆ ಬರೆಯುವ ಮುನ್ನ ಯೋಚಿಸಿ. ನಿಜಕ್ಕೂ ಬುಗುರಿಯಂತೆ ತಿರುಗಬೇಕಾದರೆ ಅದರ ಮೇಲ್ಮೈ ಬೆಳಕಿಗಿಂತ ವೇಗವಾಗಿ ಸಾಗಬೇಕಾಗುತ್ತದೆ ಎಂದು ಲೊರೆಂಟ್ಸ್ ಆಗಲೇ ಆಕ್ಷೇಪಿಸಿದ್ದರು. ನಾನು ಮಕ್ಕಳಿಗೆ ಹೇಳಿದ್ದು ಇಷ್ಟೇ: ಎಲೆಕ್ಟ್ರಾನಿಗೆ ತೂಕ ಇರುವ ಹಾಗೆ, ಆವೇಶ ಇರುವ ಹಾಗೆ, ಹುಟ್ಟಿನಿಂದಲೇ ಒಂದು ಪುಟ್ಟ ಕಾಂತತ್ವವೂ ಇದೆ, ಗಿರಕಿ ಎಂಬುದು ಅದಕ್ಕಿಟ್ಟ ಹೆಸರು. ಕಬ್ಬಿಣದಲ್ಲಿ ನೆರೆಹೊರೆಯ ಎಲೆಕ್ಟ್ರಾನುಗಳು ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ, ತಾಮ್ರದಲ್ಲಿ ಹಾಗೆ ನಿಲ್ಲುವುದಿಲ್ಲ. “ಹುಟ್ಟಿನಿಂದ ಯಾಕ ಐತ್ರಿ?” ಎಂದು ಮೊದಲ ಬೆಂಚಿನ ಹುಡುಗಿ ಕೇಳಿದಳು. ಆ ‘ಯಾಕೆ’ಗೆ ಮಾತ್ರ ಪಠ್ಯದಲ್ಲೂ ಉತ್ತರವಿಲ್ಲ, ಅದರಾಚೆಗೂ ಮಕ್ಕಳ ಮಾತಿನಲ್ಲಿ ಹೇಳಬಹುದಾದ ಉತ್ತರವಿಲ್ಲ. ಹಲಗೆಯ ಬಲಮೂಲೆಯಲ್ಲಿ ‘ಉಳಿದ ಪ್ರಶ್ನೆಗಳು’ ಎಂದು ಬರೆದು ಇದನ್ನು ಮೊದಲನೆಯದಾಗಿ ಹಾಕಿದೆವು.

ಎರಡನೇ ಅವಧಿ ಭೂಮಿಯದು. ಭೂಮಿಯೇ ಒಂದು ದೊಡ್ಡ ಕಾಂತ ಎಂದು ವಿಲಿಯಂ ಗಿಲ್ಬರ್ಟ್ 1600ರಲ್ಲಿ ಬರೆದರು. ಭೂಮಿಯ ಹೊಟ್ಟೆಯಲ್ಲಿ ದಂಡಕಾಂತ ಇರುವ ಚಿತ್ರ ಇವತ್ತಿಗೂ ಗೈಡುಗಳಲ್ಲಿ ಕಾಣುತ್ತದೆ. ಆ ಚಿತ್ರವನ್ನು ಕೆಡವಿದ್ದು ನಾನಲ್ಲ, ಕಂಬಾರರ ಮನೆಯ ಹುಡುಗ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣಕ್ಕೆ ಕಾಂತ ಹತ್ತುವುದಿಲ್ಲ ಎಂದು ಅವನು ಕಂಡು ಬಲ್ಲ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಲೆಕ್ಟ್ರಾನುಗಳ ಸಾಲು ಕೆಡುತ್ತದೆ; ಇದನ್ನು ಕ್ಯೂರಿ ತಾಪ ಎನ್ನುತ್ತಾರೆ. ಭೂಮಿಯ ಒಡಲಿನ ಬಿಸಿ ಇದಕ್ಕಿಂತ ಹಲವು ಪಟ್ಟು ಹೆಚ್ಚು. “ಹಂಗಾರ ಭೂಮಿಯೊಳಗ ಕಾಂತ ಇರಾಕ ಬರೂದಿಲ್ರಿ” ಎಂದ. ಸರಿಯಾದ ಮಾತು. ಹಾಗಾದರೆ ದಿಕ್ಸೂಚಿ ಉತ್ತರಕ್ಕೆ ಏಕೆ ನಿಲ್ಲುತ್ತದೆ?

ಇದಕ್ಕೆ ಬಂದ ಊಹೆಗಳಲ್ಲಿ ಎರಡನ್ನು ಎದುರು ಬದುರು ಇಟ್ಟೆ. ಮೊದಲನೆಯದು 1919ರಲ್ಲಿ ಜೋಸೆಫ್ ಲಾರ್ಮರ್ ಸೂರ್ಯನ ಬಗ್ಗೆ ಹೇಳಿ, ಭೂಮಿಗೂ ಅನ್ವಯಿಸಬಹುದೆಂದು ಸೂಚಿಸಿದ್ದು: ಒಳಗೆ ವಿದ್ಯುತ್ ವಾಹಕ ದ್ರವ ಹರಿಯುತ್ತಿದ್ದರೆ ಅದೇ ಡೈನಮೋ ಆಗಬಹುದು. ಸೈಕಲ್ಲಿನ ಡೈನಮೋ ಮಕ್ಕಳಿಗೆ ಗೊತ್ತು, ಆದರೆ ಅದರೊಳಗೆ ಮೊದಲೇ ಕಾಂತ ಇರುತ್ತದೆ. ಭೂಮಿಯ ಡೈನಮೋ ತನ್ನ ಕಾಂತಕ್ಷೇತ್ರವನ್ನು ತಾನೇ ಉಳಿಸಿಕೊಳ್ಳಬೇಕು: ಇರುವ ಸ್ವಲ್ಪ ಕ್ಷೇತ್ರದಲ್ಲಿ ದ್ರವ ಚಲಿಸಿ ಪ್ರವಾಹ ಹುಟ್ಟಬೇಕು, ಆ ಪ್ರವಾಹ ಮತ್ತೆ ಕ್ಷೇತ್ರವನ್ನು ಬಲಪಡಿಸಬೇಕು.

ಎರಡನೆಯದು ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರದು, 1947ರದು. ಭೂಮಿ, ಸೂರ್ಯ, ಮತ್ತು ಆಗಷ್ಟೇ ಕಾಂತಕ್ಷೇತ್ರ ಪತ್ತೆಯಾಗಿದ್ದ ಕನ್ಯಾರಾಶಿಯ ಒಂದು ನಕ್ಷತ್ರ – ಈ ಮೂರರ ಆವರ್ತನೆಯನ್ನೂ ಕಾಂತತ್ವವನ್ನೂ ಹೋಲಿಸಿದಾಗ ಅನುಪಾತ ಹೆಚ್ಚುಕಡಿಮೆ ಒಂದೇ ಬರುವಂತೆ ಅವರಿಗೆ ಕಂಡಿತು. ಹಾಗಾದರೆ ತಿರುಗುವ ಯಾವುದೇ ಭಾರಿ ಕಾಯ ತಿರುಗುತ್ತಿದೆ ಎಂಬ ಕಾರಣಕ್ಕೇ ಕಾಂತವಾಗುತ್ತದೆ, ಇದು ಪ್ರಕೃತಿಯ ಹೊಸ ನಿಯಮವೇ ಇರಬಹುದು ಎಂದರು. ಕಬ್ಬಿಣ ಬೇಡ, ಪ್ರವಾಹ ಬೇಡ, ತಿರುಗಿದರೆ ಸಾಕು. ಮಾರನೆಯ ವರ್ಷ ಅವರಿಗೆ ನೊಬೆಲ್ ಬಂತು, ಆದರೆ ಅದು ವಿಶ್ವಕಿರಣಗಳ ಕೆಲಸಕ್ಕೆ.

ಮಕ್ಕಳಲ್ಲಿ ಹೆಚ್ಚಿನವರು ಬ್ಲ್ಯಾಕೆಟ್ ಪಕ್ಷ ಸೇರಿದರು. ಸರಳವಾಗಿದೆ, ನೊಬೆಲ್ ಪಡೆದವರು, ಲೆಕ್ಕವೂ ಕೂಡುತ್ತದೆ. ಆಗ ಕೇಳಿದೆ: ಎರಡರಲ್ಲಿ ಯಾವುದು ಸರಿ ಎಂದು ಭೂಮಿಯ ಮೇಲೆ ನಿಂತು ಹೇಗೆ ತಿಳಿಯುವುದು? ಐದು ನಿಮಿಷ ಗದ್ದಲ. ಆಮೇಲೆ ಒಬ್ಬಳು, “ಬಾವಿ ಇಳದು ನೋಡಬೇಕ್ರಿ” ಎಂದಳು.

ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಕಾಂತತ್ವದ ಮೂಲ ಭೂಮಿಯ ತಿರುಳಿನಲ್ಲಿದ್ದರೆ ಕೆಳಗೆ ಇಳಿದ ಹಾಗೆ ಕ್ಷೇತ್ರದ ಅಡ್ಡ ಘಟಕ ಹೆಚ್ಚಬೇಕು. ಬ್ಲ್ಯಾಕೆಟ್ ಹೇಳಿದಂತೆ ಭೂಮಿಯ ಎಲ್ಲ ಭಾಗವೂ ಪಾಲು ಕೊಡುತ್ತಿದ್ದರೆ ಅದು ಕಡಿಮೆಯಾಗಬೇಕು. ರಂಕಾರ್ನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗೆ ಇಳಿದು ಅಳೆದರು. ಅಡ್ಡ ಘಟಕ ಹೆಚ್ಚಿತು. ಇತ್ತ ಬ್ಲ್ಯಾಕೆಟ್ ತಾವೇ ತಮ್ಮ ಊಹೆಯನ್ನು ಪರೀಕ್ಷೆಗೆ ಒಡ್ಡಿದರು. ಹತ್ತು ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ, ಹದಿನೈದು ಕಿಲೋಗೂ ಸ್ವಲ್ಪ ಹೆಚ್ಚು ತೂಗುವ ಚಿನ್ನದ ಉರುಳೆಯನ್ನು ಎರವಲು ತಂದು, ತೀರ ಸೂಕ್ಷ್ಮವಾದ ಕಾಂತಮಾಪಕ ಕಟ್ಟಿದರು. ಉರುಳೆ ಮೇಜಿನ ಮೇಲೆ ಸುಮ್ಮನೆ ನಿಂತಿದ್ದರೂ ಭೂಮಿಯ ಜೊತೆ ದಿನಕ್ಕೊಂದು ಸುತ್ತು ತಿರುಗುತ್ತಲೇ ಇರುತ್ತದೆ. ಊಹೆ ಸರಿಯಿದ್ದರೆ ಅಷ್ಟರಿಂದಲೇ ಅಳೆಯಬಹುದಾದ ಕಾಂತತ್ವ ಬರಬೇಕು. ಬರಲಿಲ್ಲ. 1952ರಲ್ಲಿ ಅದನ್ನು ‘ನಕಾರಾತ್ಮಕ ಪ್ರಯೋಗ’ ಎಂದು ಶೀರ್ಷಿಕೆಯಲ್ಲೇ ಹೇಳಿ ಪ್ರಕಟಿಸಿದರು. ಹದಿನೈದು ಕಿಲೋ ಬಂಗಾರ ಎಂದ ಕೂಡಲೇ ತರಗತಿ ಇವತ್ತಿನ ತೊಲೆಯ ದರಕ್ಕೆ ಲೆಕ್ಕ ಹಾಕಲು ಶುರು ಮಾಡಿತು, ಅದನ್ನು ನಿಲ್ಲಿಸುವುದೇ ಕಷ್ಟವಾಯಿತು.

ಕಥೆ ಇಲ್ಲಿಗೆ ನಿಂತಿದ್ದರೆ ನಮ್ಮ ಭಾಗಕ್ಕೆ ಸಂಬಂಧವಿರುತ್ತಿರಲಿಲ್ಲ. ಊಹೆ ಬಿತ್ತು, ಕಾಂತಮಾಪಕ ಉಳಿಯಿತು. ಅಷ್ಟು ಸೂಕ್ಷ್ಮವಾದ ಉಪಕರಣದಿಂದ ಕಲ್ಲುಗಳಲ್ಲಿ ಅಡಗಿರುವ ಹಳೆಯ ಕಾಂತತ್ವ ಅಳೆಯಬಹುದು ಎಂದು ಬ್ಲ್ಯಾಕೆಟ್ ಬಳಗ ಆ ಕಡೆ ಹೊರಳಿತು. ಅವರ ಬಳಗದ ಕ್ಲೆಗ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ್ದು ಭಾರತದ ಡೆಕ್ಕನ್ ಟ್ರ್ಯಾಪ್ ಕಲ್ಲುಗಳ ಅಧ್ಯಯನ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಅದೇ ದಶಕದಲ್ಲಿ ಈ ಕೆಲಸ ನಡೆಯಿತು. ಈ ಕಪ್ಪು ಕಲ್ಲಿನ ಹಾಸು ದಕ್ಷಿಣಕ್ಕೆ ಬಂದು ಮುಗಿಯುವುದು ನಮ್ಮ ಬೆಳಗಾವಿ ಜಿಲ್ಲೆಯ ಆಸುಪಾಸಿನಲ್ಲೇ. ನಿಪ್ಪಾಣಿ, ಚಿಕ್ಕೋಡಿ ಕಡೆಯ ನೆಲ ಅದರ ಮೇಲೆಯೇ ಇದೆ. ಸವದತ್ತಿ, ರಾಮದುರ್ಗದ ಕಡೆ ಹೋದರೆ ಕಲ್ಲು ಬೇರೆ. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋಗುವುದು ಅದಕ್ಕಿಂತ ಬಹಳ ಹಳೆಯ ಕಲಾದಗಿ ಶಿಲೆಗಳನ್ನು.

ಲಾವಾ ಆರುವಾಗ ಅದರೊಳಗಿನ ಮ್ಯಾಗ್ನಟೈಟ್ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದು ಹಾಗೇ ಗಟ್ಟಿಯಾಗುತ್ತವೆ. ಕುಲುಮೆಯ ಹುಡುಗ ಹೇಳಿದ್ದನ್ನೇ ತಿರುಗಿಸಿ ಓದಿದ ಹಾಗೆ: ಕಾದರೆ ಮರೆಯುತ್ತದೆ, ಆರಿದರೆ ನೆನಪಿಡುತ್ತದೆ. ಇವತ್ತು ನಮ್ಮ ಭಾಗದಲ್ಲಿ ಕಾಂತದ ಸೂಜಿಯನ್ನು ಮೇಲೆ ಕೆಳಗೆ ಆಡಲು ಬಿಟ್ಟರೆ ಉತ್ತರ ತುದಿ ಸುಮಾರು ಇಪ್ಪತ್ತು ಡಿಗ್ರಿಯಷ್ಟು ಕೆಳಕ್ಕೆ ಬಾಗುತ್ತದೆ. ಡೆಕ್ಕನ್ ಕಲ್ಲುಗಳ ನೆನಪಿನಲ್ಲಿರುವ ಬಾಗು ಅದಕ್ಕಿಂತ ಬಹಳ ಕಡಿದು, ಅದೂ ದಕ್ಷಿಣಾರ್ಧಗೋಳದ ಬಾಗು. ಲೆಕ್ಕ ಹಾಕಿದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಲಾವಾ ಆರುವಾಗ ಈ ನೆಲ ಭೂಮಧ್ಯರೇಖೆಯಿಂದ ಸುಮಾರು 30 ಡಿಗ್ರಿ ದಕ್ಷಿಣಕ್ಕೆ ಇತ್ತು. ಭೂಖಂಡಗಳು ಚಲಿಸುತ್ತವೆ ಎಂಬುದನ್ನು ಬಹಳ ಜನ ನಂಬದಿದ್ದ ಕಾಲದಲ್ಲಿ ಬಂದ ಸಾಕ್ಷ್ಯ ಇದು. ಜೊತೆಗೆ, ಕೆಳಗಿನ ಪದರಗಳಲ್ಲಿ ಕಾಂತದ ದಿಕ್ಕು ಒಂದು ಕಡೆ, ಮೇಲಿನವುಗಳಲ್ಲಿ ಅದರ ತಿರುವುಮುರುವು. ನಡುವೆ ಭೂಮಿಯ ಉತ್ತರ, ದಕ್ಷಿಣ ಧ್ರುವಗಳೇ ಅದಲುಬದಲಾಗಿದ್ದವು. ದಂಡಕಾಂತ ಹೀಗೆ ತಾನೇ ತಿರುಗಿ ಬೀಳುವುದಿಲ್ಲ. ಹರಿಯುವ ದ್ರವದ ಡೈನಮೋ ತಿರುಗಬಹುದು.

ತರಗತಿಯಲ್ಲಿ ಇದಕ್ಕೆ ಮಾಡಿದ ಚಟುವಟಿಕೆ ಚಿಕ್ಕದು. ಹಳೆಯ ಹಾರ್ಡ್‌ಡಿಸ್ಕಿನಿಂದ ತೆಗೆದ ಬಲವಾದ ಕಾಂತವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಗಾಳಿ ಬಾರದಂತೆ ಕಿಟಕಿ ಮುಚ್ಚಿ, ಕಪ್ಪು ಟ್ರ್ಯಾಪ್ ಕಲ್ಲನ್ನು ನಿಧಾನವಾಗಿ ಹತ್ತಿರ ತಂದರೆ ಕಾಂತ ಕಲ್ಲಿನತ್ತ ವಾಲುತ್ತದೆ. ರಾಮದುರ್ಗದ ಕಡೆಯಿಂದ ಸಹಪಾಠಿ ತಂದುಕೊಟ್ಟ ಮರಳುಗಲ್ಲಿಗೆ ಅದು ಅಲುಗಲಿಲ್ಲ. ಕಲ್ಲು ಕಾಂತವನ್ನು ಎಳೆಯುವುದನ್ನು ಕಂಡಾಗ ಮಕ್ಕಳ ಮುಖ ನೋಡಬೇಕಿತ್ತು. ಸೂಜಿಗಲ್ಲು ಎಂಬ ನಮ್ಮ ಹಳೆಯ ಮಾತಿನ ಅರ್ಥ ಆಗ ತಾನಾಗಿ ಹೊಳೆಯಿತು.

ಡೈನಮೋ ಊಹೆ ಈಗ ಊಹೆಯಾಗಿ ಉಳಿದಿಲ್ಲ ಎನ್ನಬಹುದು. ಸುಮಾರು 2,900 ಕಿಲೋಮೀಟರ್ ಆಳದಿಂದ 5,150 ಕಿಲೋಮೀಟರ್‌ವರೆಗೆ ಕರಗಿದ ಕಬ್ಬಿಣದ ಹೊರ ತಿರುಳು ಇದೆ ಎಂದು ಭೂಕಂಪದ ಅಲೆಗಳು ತಿಳಿಸಿವೆ. 1995ರಲ್ಲಿ ಗ್ಲಾಟ್ಸ್‌ಮೈಯರ್ ಮತ್ತು ರಾಬರ್ಟ್ಸ್ ಕಂಪ್ಯೂಟರಿನಲ್ಲಿ ಕಟ್ಟಿದ ಭೂಮಿಯ ಮಾದರಿ ತನ್ನಷ್ಟಕ್ಕೇ ಧ್ರುವ ಬದಲಿಸಿತು. 1999ರಲ್ಲಿ ಲಾಟ್ವಿಯಾದ ರೀಗಾದಲ್ಲಿ ಕರಗಿದ ಸೋಡಿಯಂ ಹರಿಸಿ ಪ್ರಯೋಗಾಲಯದಲ್ಲೇ ಇಂಥ ಡೈನಮೋ ಹುಟ್ಟಿಸಿದರು. ಆದರೂ ಒಂದು ಎಳೆ ಉಳಿಯುತ್ತದೆ. ಡೈನಮೋ ಶುರುವಾಗಲು ಬೀಜದಷ್ಟಾದರೂ ಕಾಂತಕ್ಷೇತ್ರ ಬೇಕಲ್ಲ? ಗೆಲಾಕ್ಸಿಗಳಲ್ಲೂ ಕಾಂತಕ್ಷೇತ್ರವಿದೆ, ಅದರ ಬೀಜ ಎಲ್ಲಿಯದು? ಬಿಸಿ ಅನಿಲದಲ್ಲಿ ಒತ್ತಡ ಮತ್ತು ಸಾಂದ್ರತೆ ಒಂದೇ ದಿಕ್ಕಿನಲ್ಲಿ ಬದಲಾಗದಿದ್ದಾಗ ತಾನಾಗಿಯೇ ಪುಟ್ಟ ಪ್ರವಾಹ ಹುಟ್ಟಬಹುದು ಎಂದು 1950ರಲ್ಲಿ ಬೀರ್ಮನ್ ತೋರಿಸಿದರು. ವಿಶ್ವದ ಮೊದಲ ಕ್ಷಣಗಳಲ್ಲೇ ಬೀಜ ಬಿದ್ದಿರಬಹುದು ಎನ್ನುವವರೂ ಇದ್ದಾರೆ. ಇದು ಇನ್ನೂ ಊಹೆಯೇ. ‘ಉಳಿದ ಪ್ರಶ್ನೆಗಳು’ ಪಟ್ಟಿಗೆ ಸೇರಿತು.

ಇನ್ನು ತೆಂಗಿನಕಾಯಿ. ಹಲಗೆಯ ಮೇಲೆ ಪ್ರತಿ ಊಹೆಯ ಎದುರು ‘ಏನು ಕಂಡರೆ ಇದು ಸೋಲುತ್ತದೆ?’ ಎಂಬ ಕಾಲಂ ಮೊದಲೇ ಇತ್ತು. ಬ್ಲ್ಯಾಕೆಟ್ ಎದುರು ‘ಗಣಿಯಲ್ಲಿ ಹೆಚ್ಚಿದರೆ’, ‘ಚಿನ್ನದಲ್ಲಿ ಏನೂ ಕಾಣದಿದ್ದರೆ’ ಎಂದಿತ್ತು. ಈಗ ಕೆಳಗೆ ‘ನೀರಿನ ಮೇಲೆ ಕಾಯಿ ನಿಲ್ಲುತ್ತದೆ’ ಎಂದು ಬರೆದೆವು. ಐದು ಗಡಿಗೆಗಳಿಗೆ ಬಟ್ಟೆ ಮುಚ್ಚಿ, ಒಂದರಲ್ಲಿ ಮಾತ್ರ ನೀರಿಟ್ಟು, ಎಲ್ಲಿದೆ ಎಂದು ತಿಳಿಯದವರ ಕೈಗೆ ಕಾಯಿ ಕೊಟ್ಟು ನೋಡಬಹುದು ಎಂದು ಮಕ್ಕಳೇ ಯೋಜನೆ ಹಾಕಿದರು. ಒಬ್ಬ ಒಪ್ಪಲಿಲ್ಲ: “ಗಡಿಗ್ಯಾಗಿನ ನೀರಿಗೆ ಆಗೂದಿಲ್ರಿ, ಭೂಮಿಯೊಳಗಿನ ನೀರಿಗಷ್ಟ.” ಹಾಗಾದರೆ ಬೋರ್ ಹೊಡೆಸಿ ನೀರು ಬರದಿದ್ದರೆ? “ಅವಾಗ ಪಾಯಿಂಟ್ ಒಂದ ಗೇಣು ಸರದೈತಿ ಅಂತಾರ್ರಿ.” ಬಾವಿ ಇಳಿದು ನೋಡಬೇಕು ಎಂದಿದ್ದ ಹುಡುಗಿಯೇ ಎದ್ದು ಕೇಳಿದಳು, “ಹಂಗಾರ ಅದು ಸೋಲೂದು ಯಾವಾಗ್ರಿ?” ಕಾಲಂ ಖಾಲಿಯೇ ಉಳಿಯಿತು.

ನಾನು ಅದರ ಮೇಲೆ ಭಾಷಣ ಮಾಡಲಿಲ್ಲ. ಪಾಯಿಂಟ್ ಮಾಡುವವರು ಮೋಸಗಾರರು ಎಂದೂ ಹೇಳಲಿಲ್ಲ. ಬಹಳ ಮಂದಿ ತಾವೂ ನಂಬಿಯೇ ಮಾಡುತ್ತಾರೆ, ಅಲ್ಲದೆ ಅವರಲ್ಲಿ ಒಬ್ಬರು ಆ ತರಗತಿಯ ಯಾರದೋ ಸೋದರಮಾವ ಆಗಿರಬಹುದು. ನೀರು ಕಾಂತಕ್ಕೆ ಅಂಟುವ ವಸ್ತುವಲ್ಲ, ಬಲವಾದ ಕಾಂತದಿಂದ ತೀರ ಸ್ವಲ್ಪ ದೂರವೇ ಸರಿಯುತ್ತದೆ ಎಂಬುದನ್ನು ಮಾತ್ರ ಹೇಳಿದೆ. ‘ಉತ್ತರಕ್ಕೆ ತಲೆ ಹಾಕಿ ಮಲಗಿದರೆ ರಕ್ತದ ಕಬ್ಬಿಣವನ್ನು ಭೂಮಿ ಎಳೆಯುತ್ತದೆ’ ಎಂಬ ಮಾತೂ ಬಂತು. ರಕ್ತದ ಕಬ್ಬಿಣ ಹಿಮೊಗ್ಲೋಬಿನ್‌ನಲ್ಲಿ ಒಂಟೊಂಟಿ ಪರಮಾಣುವಾಗಿ ಕೂತಿರುತ್ತದೆ, ಮೊಳೆಯ ಕಬ್ಬಿಣದಂತೆ ಸಾಲುಗಟ್ಟುವುದಿಲ್ಲ ಎಂದು ಹೇಳಿ, ಬೇಕಾದರೆ ಬೆರಳಿಗೆ ಕಾಂತ ಹಿಡಿದು ನೋಡಿಕೊಳ್ಳಿ ಎಂದೆ. ಎಲ್ಲರೂ ನೋಡಿಕೊಂಡರು.

ಒಂದನ್ನು ತರಗತಿಗೆ ಒಯ್ಯಲಿಲ್ಲ. ಕಾಂತಬಲ ಎಂಬುದು ಚಲಿಸುವ ಆವೇಶಗಳ ವಿದ್ಯುತ್ ಬಲವನ್ನೇ ಬೇರೆ ಚೌಕಟ್ಟಿನಿಂದ ನೋಡಿದ ರೂಪ ಎಂದು ಐನ್‌ಸ್ಟೈನ್ 1905ರ ಸಾಪೇಕ್ಷತಾ ಲೇಖನದಿಂದ ತಿಳಿಯುತ್ತದೆ; ಆ ಲೇಖನ ಶುರುವಾಗುವುದೇ ಕಾಂತ ಮತ್ತು ವಾಹಕದ ಉದಾಹರಣೆಯಿಂದ. ‘ಮೂಲ’ದ ಪ್ರಶ್ನೆಗೆ ಇದು ಎಲ್ಲಕ್ಕಿಂತ ಆಳದ ಉತ್ತರ. ಆದರೆ ಉದ್ದದ ಕುಗ್ಗುವಿಕೆಯನ್ನು ನಲವತ್ತು ನಿಮಿಷದಲ್ಲಿ ನಂಬಿಸಬಹುದೇ ಹೊರತು ತಿಳಿಸಲಾಗದು, ಮತ್ತು ಆ ದಿನದ ಪಾಠವೇ ಸುಮ್ಮನೆ ನಂಬಬಾರದು ಎಂಬುದರ ಸುತ್ತ ಇತ್ತು. ಪಿಯುಸಿ ವಿಜ್ಞಾನಕ್ಕೆ ಕಲಿಸುವವರು ಪ್ರಯತ್ನಿಸಬಹುದು.

ಪಟ್ಟಿಯ ಕೊನೆಯ ಪ್ರಶ್ನೆ ಬ್ಲೇಡಿನ ತುಂಡುಗಳದು: ಮುರಿಯುತ್ತಲೇ ಹೋದರೆ ಎಂದಾದರೂ ಒಂಟಿ ಧ್ರುವ ಸಿಗುತ್ತದೆಯೇ? ಇರಬಹುದು ಎಂದು 1931ರಲ್ಲಿ ಡಿರಾಕ್ ಲೆಕ್ಕದಿಂದ ತೋರಿಸಿದರು. ಅಂಥ ಒಂಟಿ ಧ್ರುವ ವಿಶ್ವದಲ್ಲಿ ಎಲ್ಲಾದರೂ ಒಂದಿದ್ದರೂ, ಆವೇಶ ಯಾವಾಗಲೂ ಎಲೆಕ್ಟ್ರಾನಿನ ಲೆಕ್ಕದಲ್ಲೇ ಏಕೆ ಬರುತ್ತದೆ ಎಂಬುದಕ್ಕೆ ಕಾರಣ ಸಿಗುತ್ತದೆ. ಹುಡುಕಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. 1980ರ ದಶಕದಲ್ಲಿ ಪ್ರೋಟಾನ್ ಕ್ಷಯ ನೋಡಲೆಂದು ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಇಟ್ಟಿದ್ದ ಉಪಕರಣದಲ್ಲೇ ಇದನ್ನೂ ಹುಡುಕಿದರು. ಸಿಗಲಿಲ್ಲ. ಬೇರೆಲ್ಲೂ ಖಚಿತವಾಗಿ ಸಿಕ್ಕಿಲ್ಲ.

ಈ ಪಾಠ ತೆಗೆದುಕೊಳ್ಳುವವರಿಗೆ ಕೆಲವು ಸೂಚನೆಗಳು. ಬ್ಲೇಡನ್ನು ಶಿಕ್ಷಕರೇ ಮುರಿಯಬೇಕು, ಚೂರು ಕಣ್ಣಿಗೆ ಸಿಡಿಯುತ್ತದೆ. ದಿಕ್ಸೂಚಿಯನ್ನು ಕಬ್ಬಿಣದ ಡೆಸ್ಕಿನ ಮೇಲೆ ಇಡಬೇಡಿ, ಮೊಬೈಲನ್ನು ದೂರ ಇಡಿ. 1841ರಿಂದ ಮುಂಬೈಯ ಕೊಲಾಬಾದಲ್ಲಿ ನಡೆಯುತ್ತಿದ್ದ ಭೂಕಾಂತದ ಅಳತೆಯನ್ನು, ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ 1904ರಲ್ಲಿ ಅಲಿಬಾಗಕ್ಕೆ ಸಾಗಿಸಬೇಕಾಯಿತು. ನಮ್ಮ ತರಗತಿಯಲ್ಲಿ ಒಂದು ಗುಂಪಿನ ಸೂಜಿ ಪದೇ ಪದೇ ಪೂರ್ವಕ್ಕೆ ತಿರುಗುತ್ತಿತ್ತು. ಹುಡುಕಿದರೆ ಒಬ್ಬನ ಕಂಪಾಸ್ ಪೆಟ್ಟಿಗೆಗೆ ಕಾಂತದ ಮುಚ್ಚಳ ಇತ್ತು. ಕಾರಣ ಕಂಡುಹಿಡಿದದ್ದು ಆ ಗುಂಪೇ, ಹೀಗಾಗಿ ಮುಂದಿನ ಸಲ ಅಂಥ ಪೆಟ್ಟಿಗೆ ಒಂದನ್ನು ನಾನೇ ಬೇಕೆಂದು ಬೆಂಚಿನಡಿ ಇಡುವ ಯೋಚನೆ ಇದೆ.